ವಾರದ ಕೂಟದಲ್ಲಿ ಎಲ್ಲರೆದುರು ಹೇಳಿಸಬಹುದಾ?

ಪ್ರಶ್ನೆ (ಬದಿಯಡ್ಕ): ಮೇಡಂ, ನಮ್ಮ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಒಬ್ಬಳು ಗಂಡನ ಹೊಡೆತ ತಾಳಲಾಗದೆ ತವರಿಗೆ ಬಂದಿದ್ದಾಳೆ. ಬೀಡಿ ಕಟ್ಟಲು ಕೂತರೆ ಕೈ ಓಡುವುದಿಲ್ಲ. ಗೇಟಿನ ಸದ್ದಾದರೂ ಬೆಚ್ಚಿಬೀಳುತ್ತಾಳೆ, ನಿದ್ದೆಯಿಲ್ಲ. ಕೂಟದಲ್ಲಿ ಎಲ್ಲ ಹೇಳಿ ಅತ್ತುಬಿಟ್ಟರೆ ಹಗುರಾಗ್ತಾಳೆ ಅಂತ ನಮ್ಮ ಅಧ್ಯಕ್ಷೆ ಹೇಳ್ತಾರೆ.

ಉತ್ತರ (ಕೌನ್ಸೆಲರ್): ಬೇಡ. ಘಟನೆಯ ಬೆನ್ನಿಗೇ ಒಮ್ಮೆ ಕೂರಿಸಿ ಎಲ್ಲ ಹೇಳಿಸುವ ಕ್ರಮ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಅದಿರಲಿ, ಕೂಟದಲ್ಲಿ ಹತ್ತಿಪ್ಪತ್ತು ಜನ ಇರ್ತೀರಿ. ಸಂಜೆಯೊಳಗೆ ಸುದ್ದಿ ಗಂಡನ ಮನೆ ಮುಟ್ಟುವುದಿಲ್ಲ ಅಂತ ಯಾರು ಹೇಳಬಲ್ಲರು?

ಅವಳೇ ಆರಿಸಿಕೊಂಡ ಒಬ್ಬರು ಕೇಳಿಸಿಕೊಳ್ಳಲಿ. ಹೇಳಿದಷ್ಟು ಸಾಕು, ಕೆದಕಬೇಡಿ. "ಅವನಿಗೆ ಸಿಟ್ಟು ಬರುವ ಹಾಗೆ ನೀನೇನು ಮಾಡಿದೆ?" ಎಂಬ ಮಾತು ಬರಲೇಬಾರದು. "ನಿನ್ನ ಮಾತು ನಂಬುತ್ತೇನೆ, ತಪ್ಪು ನಿನ್ನದಲ್ಲ" ಅನ್ನಿ. ಉಳಿದವರಿಗೂ ಕೆಲಸವಿದೆ: ಅವಳ ಪಕ್ಕದಲ್ಲಿ ಕೂತು ಬೀಡಿ ಕಟ್ಟಿ, ಮಗುವನ್ನು ಅಂಗನವಾಡಿಯಿಂದ ಕರೆತನ್ನಿ, ಸಾಲದ ಕಂತಿಗೆ ಸ್ವಲ್ಪ ಸಮಯ ಕೊಡಿ. ಇದನ್ನು ಚಿಕಿತ್ಸೆ ಅಂತ ಯಾರೂ ಕರೆಯುವುದಿಲ್ಲ, ಆದರೆ ಬೆಚ್ಚಿದ ಜೀವ ನೆಲೆಗೆ ಬರುವುದು ಬಹುಪಾಲು ಇಂಥದರಿಂದಲೇ.

ಗಂಡ ಬಂದು ಗಲಾಟೆ ಮಾಡುತ್ತಾನಾ ಕೇಳಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಒಂದು ಚೀಲದಲ್ಲಿರಲಿ. ಅಪಾಯವಿದ್ದರೆ 112ಕ್ಕೆ, ಸಲಹೆಗೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ, ಕುಟುಂಬಶ್ರೀಯದೇ 'ಸ್ನೇಹಿತಾ' ಕೇಂದ್ರವೂ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣಾಧಿಕಾರಿಗೆ ದೂರು ಕೊಡಲು ಮೊದಲು ಪೊಲೀಸ್ ಕೇಸ್ ಆಗಬೇಕೆಂದಿಲ್ಲ. ಕೊಡಬೇಕಾ ಬೇಡವಾ ಎಂಬುದು ಮಾತ್ರ ಅವಳ ತೀರ್ಮಾನ. ಅಧ್ಯಕ್ಷೆಯದಲ್ಲ, ನನ್ನದೂ ಅಲ್ಲ.

ಸಾಯುವ ಮಾತು ಬಂದರೆ "ಹಾಗೆ ಹೇಳ್ಬಾರ್ದು" ಅಂತ ಬಾಯಿ ಮುಚ್ಚಿಸಬೇಡಿ. ಆತ್ಮಹತ್ಯೆಯ ಯೋಚನೆ ಇದೆಯಾ ಅಂತ ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದೆ ಅಂದರೆ ಒಬ್ಬಳನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416 ರಾತ್ರಿಯೂ ಸಿಗುತ್ತದೆ. ನಿದ್ದೆಯಿಲ್ಲದ ಸ್ಥಿತಿ ವಾರಗಟ್ಟಲೆ ಮುಂದುವರಿದರೂ ವೈದ್ಯರಿಗೆ ತೋರಿಸಿ.

ಮರುಪ್ರಶ್ನೆ (ಮಂಜೇಶ್ವರ): ನಮ್ಮಲ್ಲೂ ಹೀಗೇ ಒಬ್ಬಳಿದ್ದಾಳೆ. ಅವಳಿಗೆ ತುಳು, ಕನ್ನಡ ಮಾತ್ರ. ಸಿಕ್ಕ ಕೌನ್ಸೆಲರ್‌ಗೆ ಮಲಯಾಳ ಮಾತ್ರ. ಮಲಯಾಳ ಬರುವ ಮೈದುನನನ್ನು ಜೊತೆಗೆ ಕಳಿಸಲಾ?

ಉತ್ತರ: ಮೈದುನ ಖಂಡಿತ ಬೇಡ ಮಾರಾಯ್ರೆ! ಶಾಲೆಯಲ್ಲಿ ಮಲಯಾಳ ಕಲಿತ ಮಗಳೂ ಬೇಡ; ಅಮ್ಮನ ಸಂಕಟವನ್ನು ಮಗು ತನ್ನ ಬಾಯಲ್ಲಿ ಹೇಳಬಾರದು. ಕನ್ನಡ ಅಥವಾ ತುಳು ಬಲ್ಲವರು ಬೇಕೆಂದು ಮೊದಲೇ ಫೋನ್ ಮಾಡಿ ಕೇಳಿ. ಇಲ್ಲವಾದರೆ ಅವಳು ಒಪ್ಪಿದ ಹೊರಗಿನ ಹೆಂಗಸೊಬ್ಬರು ಹೋಗಲಿ. ಅವಳು ಹೇಳಿದ್ದನ್ನು ಚುಟುಕು ಮಾಡದೆ, ಸೇರಿಸದೆ ದಾಟಿಸಬೇಕು, ನಡುವೆ ಬುದ್ಧಿ ಹೇಳಬಾರದು. ವಾಪಸ್ ಬರುವಾಗ ಬಸ್ಸಿನಲ್ಲಿ ಆ ವಿಷಯ ಎತ್ತಲೂಬಾರದು.