ತೋಟಗಾರರ ಬಳಗ: ರಸಾಯನಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ಪೊನ್ನಂಪೇಟೆ ಸದಸ್ಯೆ: ಮೇಡಂ, ಮಗಳು ಪಿಯುಸಿ. ಕಾರ್ಬನ್–ಆಕ್ಸಿಜನ್ ಬಂಧ ಧ್ರುವೀಯ, ಆದ್ರೆ ಕಾರ್ಬನ್ ಡೈಆಕ್ಸೈಡ್ ಅಧ್ರುವೀಯ ಅಂತೆ. ಹೇಗೆ?

ಮೇಡಂ: ಪೌಲಿಂಗ್ ಮಾಪಕದಲ್ಲಿ ಆಕ್ಸಿಜನ್ನಿನ ಎಲೆಕ್ಟ್ರೋನೆಗೆಟಿವಿಟಿ, ಅಂದ್ರೆ ಬಂಧದ ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯೋ ಬಲ, 3.44, ಕಾರ್ಬನ್ನಿನದು 2.55. ಎಲೆಕ್ಟ್ರಾನು ಆಕ್ಸಿಜನ್ ಕಡೆ ವಾಲುತ್ತೆ, ಬಂಧ ಧ್ರುವೀಯ ಅನ್ನೋದು ಅದಕ್ಕೇ. ಆದ್ರೆ ಕಾರ್ಬನ್ ಡೈಆಕ್ಸೈಡ್ ಅಣು ನೇರ ಗೆರೆ, ನಡುವೆ ಕಾರ್ಬನ್, ಎರಡು ತುದಿಗೂ ಆಕ್ಸಿಜನ್. ನಮ್ಮ ಕೈಲ್ ಪೋಳ್ದ್ ಹಬ್ಬದ ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ ಇದ್ದ ಹಾಗೆ. ನೀರಿನ ಅಣು 104.5 ಡಿಗ್ರಿಗೆ ಬಾಗಿದೆ, ಅಲ್ಲಿ ಎಳೆತ ವಜಾ ಆಗಲ್ಲ.

ಕುಶಾಲನಗರ ಸದಸ್ಯ: ಬಾಟಲಿಗೆ ಆಯಸ್ಕಾಂತ ಕಟ್ಟಿದ್ರೆ ನೀರಿನ ಧ್ರುವೀಯತೆ ಹೆಚ್ಚಿ ಮಂಡಿನೋವು ಹೋಗುತ್ತಂತೆ?

ಮೇಡಂ: ಇಲ್ಲ. ಮೂರನೇ ಸಲ ಹೇಳ್ತಿದ್ದೀನಿ.

ಸಿದ್ದಾಪುರ ಸದಸ್ಯ: ಅರ್ಜೆಂಟ್. ಕಾಫಿ ಗಿಡದ ಕಾಂಡಕೊರಕ ಹುಳಕ್ಕೆ ಹಚ್ಚೋ ಕ್ಲೋರ್‌ಪೈರಿಫಾಸ್ 20 ಇಸಿ (ನೀರಿಗೆ ಬೆರೆಸಿ ಬಳಸೋ ಎಣ್ಣೆಯಂಥ ಕೀಟನಾಶಕ), ನೀರು ಬೆರೆಸದ್ದು, ಕೆಲಸದವರ ತೋಳಿಗೆ ಚೆಲ್ತು. ನೀರು ಹಾಕಿದ್ರೂ ಜಿಡ್ಡು ಹೋಗ್ತಿಲ್ಲ. ಈ ಬಳಗದಲ್ಲಿ ಬಂದ ಮೆಸೇಜ್ ನೋಡಿ ಸೀಮೆಎಣ್ಣೆಯಲ್ಲಿ ಒರೆಸ್ತಿದ್ದೀವಿ.

ಮೇಡಂ: ಸೀಮೆಎಣ್ಣೆ ನಿಲ್ಲಿಸಿ, ಈಗಲೇ! ಮೊದಲು ಅಂಗಿ ಬಿಚ್ಚಿಸಿ, ತೋಳು ಒದ್ದೆಯಾದ ಬಟ್ಟೆಯಲ್ಲೂ ವಿಷ ಇದೆ. ತೊಳೆಯೋರು ಗ್ಲೌಸ್ ಹಾಕ್ಕೊಳ್ಳಿ. ಸೋಪು ಹಚ್ಚಿ, ಹರಿಯೋ ನೀರಲ್ಲಿ, ಮತ್ತೆ ಮತ್ತೆ ತೊಳೀರಿ. ಉಗುರಿನ ಸಂದು ಬಿಡಬೇಡಿ, ಗಸಗಸ ಉಜ್ಜಬೇಡಿ.
ಕಾರಣ ಕೇಳಿ. ಸೀಮೆಎಣ್ಣೆಯಲ್ಲಿರೋದು ಕಾರ್ಬನ್ನು, ಹೈಡ್ರೋಜನ್ನು. ಎಲೆಕ್ಟ್ರೋನೆಗೆಟಿವಿಟಿ 2.55, 2.20. ಎಳೆತದ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಈ ವಿಷವೂ ಎಣ್ಣೆಗೇ ಸೇರೋ ಜಾತಿ. ಸೀಮೆಎಣ್ಣೆ ಚರ್ಮದ ಜಿಡ್ಡನ್ನೂ ಕರಗಿಸುತ್ತೆ, ವಿಷ ಒಳಗಿಳಿಯೋಕೆ ದಾರಿ ಆಗುತ್ತೆ. ಸೋಪಿನ ಅಣುವಿಗೆ ಒಂದು ತುದಿ ನೀರಿನ ಕಡೆ, ಉದ್ದ ಬಾಲ ಎಣ್ಣೆ ಕಡೆ. ವಿಷವನ್ನು ಚರ್ಮದಿಂದ ಬಿಡಿಸಿ ನೀರಿನ ಜೊತೆ ಕಳಿಸೋದು ಅದೇ. ಇಸಿ ಔಷಧಿ ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುತ್ತಲ್ಲ, ಅಲ್ಲೂ ಇಂಥದ್ದೇ ಅಣುವಿನ ಕೆಲಸ.
ಬೆವರು, ಜೊಲ್ಲು, ವಾಂತಿ, ಉಸಿರುಕಟ್ಟು, ಕಣ್ಣಿನ ಪಾಪೆ ಚಿಕ್ಕದಾಗೋದು, ಇದೆಲ್ಲ ಬರಲಿ ಅಂತ ಕಾಯಬೇಡಿ. ತೊಳೆದ ತಕ್ಷಣ ಆಸ್ಪತ್ರೆ. ಡಬ್ಬಿ ಜೊತೆಗಿರಲಿ.

ವಿರಾಜಪೇಟೆ ಸದಸ್ಯ: ನಮ್ಮಪ್ಪ 30 ವರ್ಷ ಸೀಮೆಎಣ್ಣೇಲೇ ಕೈ ತೊಳೆದ್ರು, ಏನೂ ಆಗಲಿಲ್ಲ.

ಸೋಮವಾರಪೇಟೆ ಸದಸ್ಯ: ನೆರಳಿನ ಮರ ಕಡಿಯದಿದ್ರೆ ಇಷ್ಟು ಕೊರಕವೇ ಬರ್ತಿರಲಿಲ್ಲ.

ವಿರಾಜಪೇಟೆ ಸದಸ್ಯ: ನಿಮ್ಮ ತೋಟದಲ್ಲೇ ಸಿಲ್ವರ್ ಓಕ್ ಬಿಟ್ರೆ ಏನಿದೆ? ನಮಗೆ ಪಾಠ ಬೇಡ.

ನಾಪೋಕ್ಲು ಸದಸ್ಯೆ: ಮೇಡಂ, ಮೆಣಸಿನ ಬಳ್ಳಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಮಾಡೋವಾಗ ಸುಣ್ಣ ಯಾಕೆ ಹಾಕ್ತಾರೆ?

ಮೇಡಂ: ಮರದ ಜಗಳ ಆಚೆ ಇಟ್ಕೊಳ್ಳಿ. ಆ ಸೀಮೆಎಣ್ಣೆ ಮೆಸೇಜ್ ಹಾಕಿದವರು ಯಾರೇ ಆಗಿರಲಿ, ಅಳಿಸಿ. ಸಿದ್ದಾಪುರದವರೇ, ಹೊರಟ್ರಾ?

ಸಿದ್ದಾಪುರ ಸದಸ್ಯ: ಜೀಪಲ್ಲಿದ್ದೀವಿ. ತುಂಬಾ ಬೆವರ್ತಿದ್ದಾರೆ. ಡಬ್ಬಿ ತೋಟದಲ್ಲೇ ಉಳೀತು.

ಮೇಡಂ: ತೋಟದಲ್ಲಿರೋರಿಂದ ಲೇಬಲ್ ಫೋಟೋ ತರಿಸಿ, ಡಾಕ್ಟರಿಗೆ ತೋರಿಸಿ. ಸೀಮೆಎಣ್ಣೆ ಹಚ್ಚಿದ್ದನ್ನೂ ಹೇಳಿ, ಮುಚ್ಚಿಡಬೇಡಿ. ತಲುಪಿದ ಕೂಡಲೇ ನನಗೆ ಫೋನ್ ಮಾಡಿ.