ಶೇಕರ್ ಸ್ಕೂಪ್ ನಿಜವಾಗ್ಲೂ ಕೆಲಸ ಮಾಡುತ್ತಾ, ಇಲ್ಲ ಬರೀ ನೋಡೋಕಾ?

ತುಮಕೂರು_ಟು_ಟ್ರಾಯ್:
ಎಲ್ಲರಿಗೂ ನಮಸ್ಕಾರ. ನಾನಿರೋದು ಮಿಷಿಗನ್‌ನ ಟ್ರಾಯ್‌ನಲ್ಲಿ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಅವರ ಗ್ಯಾರೇಜಿನಲ್ಲಿ 1969ರ ಫೋರ್ಡ್ ಮಸ್ಟಾಂಗ್ ಮ್ಯಾಕ್ 1 ಕಾರು ಇದೆ, 428 ಕೋಬ್ರಾ ಜೆಟ್ ಇಂಜಿನ್. ಆಗಸ್ಟ್‌ನಲ್ಲಿ ಇಲ್ಲಿ ನಡೆಯೋ ಹಳೆ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗಬೇಕು ಅಂತ ಪ್ರತಿ ಶನಿವಾರ ಇಬ್ಬರೂ ಸೇರಿ ಕೆಲಸ ಮಾಡುತ್ತಿದ್ದೇವೆ.

ಈ ಕಾರಿನ ಸ್ಕೂಪ್, ಅಂದರೆ ಗಾಳಿ ಒಳಗೆ ಎಳೆಯೋ ಉಬ್ಬಿದ ಬಾಯಿ, ಬಾನೆಟ್‌ಗೆ ಕೂತಿಲ್ಲ. ಇಂಜಿನ್ ಮೇಲಿನ ಏರ್ ಕ್ಲೀನರ್‌ಗೆ ಬೋಲ್ಟ್ ಆಗಿದೆ, ಬಾನೆಟ್‌ನಲ್ಲಿ ಕೊರೆದ ತೂತಿನಿಂದ ತಲೆ ಹೊರಗೆ ಹಾಕಿದೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಒಂದು ಪಕ್ಕಕ್ಕೆ ವಾಲುತ್ತದಲ್ಲ, ಅದರ ಜೊತೆ ಸ್ಕೂಪೂ ಅಲ್ಲಾಡುತ್ತದೆ. ಅದಕ್ಕೇ ಶೇಕರ್ ಅಂತ ಹೆಸರು. ಮೊದಲ ಸಲ ನೋಡಿದಾಗ ನಾನು ಅಲ್ಲೇ ನಿಂತುಬಿಟ್ಟೆ.

ಈಗ ವಿಷಯ ಏನಂದರೆ, ಸ್ಕೂಪ್ ಒಳಗಿನ ಸಣ್ಣ ಮುಚ್ಚಳ ತುಕ್ಕು ಹಿಡಿದು ಮುಚ್ಚಿಕೊಂಡೇ ಕೂತಿದೆ. ಅಜ್ಜ ಅದನ್ನು ಸರಿ ಮಾಡಲೇಬೇಕು ಅಂತಾರೆ. ನನ್ನ ಆಫೀಸಿನ ಗೆಳೆಯ ಮಾತ್ರ, ಸುಮ್ನೆ ಬಣ್ಣ ಹೊಡೆದು ಬಿಡಿ, ಅದು ಬರೀ ಶೋ ಅಂತಾನೆ. ಯಾರ ಮಾತು ಕೇಳಲಿ? ಇನ್ನೊಂದು ಪ್ರಶ್ನೆ: ಷೆವರ್ಲೆಯ ಕೆಲವು ಷೆವೆಲ್ ಕಾರುಗಳಲ್ಲಿ ಸ್ಕೂಪ್ ಬಾಯಿ ವಿಂಡ್‌ಶೀಲ್ಡ್ ಕಡೆಗೆ ತಿರುಗಿರುತ್ತದೆ, ಅದಕ್ಕೆ ಗಾಳಿ ಹೇಗೆ ಸಿಗುತ್ತದೆ?

ಕಾರ್ಬ್_ಕಲಿಯುವವ:
ಅಜ್ಜನ ಮಾತು ಕೇಳಿ. ಆದರೆ ಕಾರಣ ಎಲ್ಲರೂ ಅಂದುಕೊಳ್ಳುವುದಲ್ಲ.

ಗಾಳಿ ರಭಸದಿಂದ ನುಗ್ಗಿ ಇಂಜಿನ್ ಒಳಗೆ ತುಂಬಿಕೊಳ್ಳುತ್ತದೆ, ಅದರಿಂದ ಪವರ್ ಜಾಸ್ತಿ ಆಗುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. 100 ಕಿ.ಮೀ. ವೇಗದಲ್ಲಿ ಒಂದು ತೊಟ್ಟೂ ಸೋರದೆ ಎಲ್ಲ ಗಾಳಿ ಹಿಡಿದರೂ ಒತ್ತಡ ಹೆಚ್ಚುವುದು ಅರ್ಧ ಪರ್ಸೆಂಟ್ ಮಾತ್ರ. 160ರಲ್ಲಿ 1.2, 240ರಲ್ಲಿ 2.7. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಹಾಗಾಗಿ ರಸ್ತೆ ಮೇಲೆ ಇದರ ಲಾಭ ಇಲ್ಲ ಅಂತಲೇ ಇಟ್ಟುಕೊಳ್ಳಿ.

ನಿಜವಾದ ಲಾಭ ಇರೋದು ತಣ್ಣನೆ ಗಾಳಿಯಲ್ಲಿ. ಹೊರಗೆ 30 ಡಿಗ್ರಿ, ಬಾನೆಟ್ ಒಳಗೆ 60 ಡಿಗ್ರಿ ಇದೆ ಅನ್ನಿ. ಒಳಗಿನ ಗಾಳಿ ಸುಮಾರು 9% ತೆಳುವಾಗಿರುತ್ತದೆ, ಅಂದರೆ ಪವರ್ ಕಡಿಮೆ. ನಿಮ್ಮ ಮುಚ್ಚಳ ಮುಚ್ಚಿಕೊಂಡಿದ್ದರೆ ಇಂಜಿನ್ ಉಸಿರಾಡುತ್ತಿರೋದು ಆ ಬಿಸಿ ಗಾಳಿಯನ್ನೇ. ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಂತ ಮೇಲಂತೂ ಇನ್ನೂ ಬಿಸಿ.

ಹಾಗಾದರೆ ಮುಚ್ಚಳ ಯಾಕೆ ಇಟ್ಟರು ಅಂತ ಕೇಳಬಹುದು. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕಾರ್ಬ್ಯುರೇಟರ್‌ಗೆ ಬೆಚ್ಚನೆ ಗಾಳಿ ಬೇಕು, ಇಲ್ಲದಿದ್ದರೆ ಒಳಗೆ ಮಂಜು ಕಟ್ಟುತ್ತದೆ. ಮಿಷಿಗನ್ ಚಳಿ ನಿಮಗೇ ಗೊತ್ತಲ್ಲ. ಮುಚ್ಚಳವನ್ನು ಮುಚ್ಚಿ ಹಿಡಿಯೋದು ಇಂಜಿನ್ ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಹೀರುವ ಎಳೆತ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅದು ಬಿದ್ದುಹೋಗುತ್ತದೆ, ಆಗ ಮುಚ್ಚಳ ತೆರೆಯಬೇಕು. ಆ ವ್ಯಾಕ್ಯೂಮ್ ತರೋ ಸಣ್ಣ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ. ಒಡೆದಿದ್ದರೆ ಬದಲಿಸಿ. ಮುಚ್ಚಳ ತಿರುಗೋ ಕೀಲಿಗೆ ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಜೋರು ಮಾಡಬೇಡಿ ಸರ್, ಹಳೆ ತಗಡು, ಬಾಗಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ.

ಮಂಡ್ಯ_ಮೋಟಾರ್:
ನಿಮ್ಮ ಗೆಳೆಯ ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಅದೇ ವರ್ಷದ ಮ್ಯಾಕ್ 1ಗೆ ಮಾಮೂಲಾಗಿ ಬರುತ್ತಿದ್ದ ಸ್ಕೂಪ್ ಬರೀ ಶೋ, ಅದರಿಂದ ಇಂಜಿನ್‌ಗೆ ಗಾಳಿ ಹೋಗುತ್ತಿರಲಿಲ್ಲ. ಶೇಕರ್ ಬೇರೆ. ಅವನು ಆ ಇನ್ನೊಂದನ್ನು ನೋಡಿರಬೇಕು.

ಷೆವೆಲ್ ಪ್ರಶ್ನೆಗೆ ಉತ್ತರ ವಿಂಡ್‌ಶೀಲ್ಡ್ ಬುಡದಲ್ಲಿದೆ. ಬಾನೆಟ್ ಮೇಲೆ ಜಾರಿಕೊಂಡು ಬಂದ ಗಾಳಿ ಗಾಜಿಗೆ ತಗುಲಿ ಅಲ್ಲೇ ಒತ್ತರಿಸಿಕೊಳ್ಳುತ್ತದೆ. 1970ರ ಷೆವೆಲ್ ಎಸ್‌ಎಸ್‌ನ ಕೌಲ್ ಇಂಡಕ್ಷನ್ (ಹಿಂದಕ್ಕೆ ತಿರುಗಿದ ಸ್ಕೂಪ್) ಬಾಯಿ ತೆರೆಯೋದು ಆ ಜಾಗಕ್ಕೇ. ನಾನು ನನ್ನ ಕಾರಿನಲ್ಲಿ ಇದನ್ನು ನೋಡಬೇಕು ಅಂತ ಹೆಂಡತಿಯ ಉಲ್ಲನ್ ನೂಲನ್ನು ಬೆರಳುದ್ದ ಕತ್ತರಿಸಿ ಬಾನೆಟ್ ತುಂಬಾ ಟೇಪ್ ಹಾಕಿ ಅಂಟಿಸಿದ್ದೆ. ಪಕ್ಕದಲ್ಲಿ ಬಂದ ಗೆಳೆಯ ವಿಡಿಯೋ ಮಾಡಿದ. ಮುಂದಿನ ನೂಲುಗಳೆಲ್ಲ ಹಿಂದಕ್ಕೆ ನೆಟ್ಟಗೆ ಮಲಗಿದ್ದವು. ಗಾಜಿನ ಬುಡದವು ಮಾತ್ರ ಎದ್ದು ಸುತ್ತುತ್ತಿದ್ದವು, ಒಂದೆರಡು ಮುಂದಕ್ಕೇ ತಿರುಗಿದ್ದವು. ನೀವೂ ಮಾಡಿ ನೋಡಿ, ಖರ್ಚೇ ಇಲ್ಲ.

ಕ್ವಾರ್ಟರ್_ಮೈಲ್:
ಡ್ರ್ಯಾಗ್ ಕಾರುಗಳ (ನೇರ ಟ್ರ್ಯಾಕಿನಲ್ಲಿ ಓಡೋ ರೇಸ್ ಕಾರುಗಳ) ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕಂದರೆ ಅಲ್ಲಿ ರಭಸದ ಲೆಕ್ಕವೂ ಬದಲಾಗುತ್ತದೆ. ಅದರಲ್ಲಿ ಪ್ರೋ ಸ್ಟಾಕ್ ಅನ್ನೋ ವರ್ಗದ ಹಳೆಯ ಕಾರುಗಳ ಸ್ಕೂಪ್ ಬಾನೆಟ್ ಮೇಲೆ ಗೋಪುರದ ಹಾಗೆ ನಿಂತಿರುತ್ತದೆ. ಮೊದಲನೆಯದು, ಟನಲ್ ರ‍್ಯಾಮ್ (ಇಂಜಿನ್‌ಗೆ ಗಾಳಿ ಒಯ್ಯೋ ಎತ್ತರದ ಪೈಪುಗಳ ಜೋಡಣೆ) ಮೇಲೆ ಕೂತ ಎರಡು ಕಾರ್ಬ್ಯುರೇಟರ್‌ಗಳೇ ಅಷ್ಟು ಎತ್ತರಕ್ಕೆ ಬರುತ್ತವೆ. ಇನ್ನೊಂದು, ಬಾನೆಟ್‌ಗೆ ತೀರಾ ಹತ್ತಿರದ ಗಾಳಿ ನಿಧಾನ, ಕಲಕಿರುತ್ತದೆ. ಅದನ್ನು ಬಿಟ್ಟು ಮೇಲಿನ ಶುದ್ಧ ಗಾಳಿ ಹಿಡಿಯಬೇಕು. ಬಾಯಿ ಸಣ್ಣದು, ಒಳಗೆ ಹೋಗ್ತಾ ಹೋಗ್ತಾ ಅಗಲ. ಅಲ್ಲಿ ಗಾಳಿಯ ವೇಗ ಇಳಿದು ಒತ್ತಡ ಏರುತ್ತದೆ. ಆ ಕಾರುಗಳು ಟ್ರ್ಯಾಕಿನ ಕೊನೆಯಲ್ಲಿ 340 ಕಿ.ಮೀ. ಮುಟ್ಟುತ್ತಿದ್ದವು. ಆಗ ಸಿಗೋದು ಸುಮಾರು 5%, ಅದು ದೊಡ್ಡದೇ. 2016ರಲ್ಲಿ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಕಡ್ಡಾಯ ಮಾಡಿ ಸ್ಕೂಪ್ ತೆಗೆಸಿಬಿಟ್ಟಿತು. ನನಗೆ ಇವತ್ತಿಗೂ ಬೇಜಾರಿದೆ. ಆ ಗೋಪುರ ಇಲ್ಲದ ಪ್ರೋ ಸ್ಟಾಕ್ ನೋಡಿದರೆ ಏನೋ ಕಳೆದುಹೋದ ಹಾಗೆ ಅನ್ನಿಸುತ್ತದೆ.

ನನ್ನ ಮೆಚ್ಚಿನದು ಮಾತ್ರ 1964ರ ಫೋರ್ಡ್ ಥಂಡರ್‌ಬೋಲ್ಟ್. ನಾಲ್ಕರಲ್ಲಿ ಒಳಗಿನ ಎರಡು ಹೆಡ್‌ಲೈಟ್ ಕಿತ್ತು ಆ ತೂತಿನಿಂದಲೇ ದಪ್ಪ ಪೈಪ್ ಹಾಕಿ ಗಾಳಿ ಎಳೆದರು. ಬಾನೆಟ್ ಮೇಲಿನ ಉಬ್ಬು ಇಂಜಿನ್‌ಗೆ ಜಾಗ ಬೇಕು ಅಂತ ಮಾಡಿದ್ದು.

ಜಯನಗರ_4ನೇ_ಬ್ಲಾಕ್:
ನಮ್ಮಲ್ಲಿ ಹಳೆ ಫಾರ್ಚುನರ್ 3.0 ಡೀಸೆಲ್ ಮೇಲೂ ಸ್ಕೂಪ್ ಇತ್ತಲ್ಲ, ಅದೂ ಇದೇನಾ?

ಕಾರ್ಬ್_ಕಲಿಯುವವ:
ಅಲ್ಲ. ಅದರ ಕೆಳಗೆ ಇಂಟರ್‌ಕೂಲರ್ ಇದೆ, ಟರ್ಬೊದಿಂದ ಬಿಸಿಯಾಗಿ ಬರೋ ಗಾಳಿಯನ್ನು ತಣ್ಣಗೆ ಮಾಡೋ ರೇಡಿಯೇಟರ್ ತರಹದ್ದು. ಆ ಗಾಳಿ ಇಂಜಿನ್ ಒಳಗೆ ಹೋಗೋದಿಲ್ಲ, ಇಂಟರ್‌ಕೂಲರನ್ನು ತಣ್ಣಗೆ ಮಾಡಿ ಕೆಳಗೆ ಹೋಗುತ್ತದೆ.

ತುಮಕೂರು_ಟು_ಟ್ರಾಯ್:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಎಣ್ಣೆ ಬಿಟ್ಟು ಇಟ್ಟಿದ್ದೆವು, ಭಾನುವಾರ ಬೆಳಿಗ್ಗೆ ಅಜ್ಜ ಬೆರಳಲ್ಲಿ ಮೆಲ್ಲಗೆ ತಳ್ಳಿದರು, ಟಕ್ ಅಂತ ತೆರೆಯಿತು. ರಬ್ಬರ್ ಪೈಪ್ ಕೈಯಲ್ಲೇ ಪುಡಿಯಾಯಿತು, ಹೊಸದು ಹಾಕಿದೆವು. ಈ ವಾರ ಉಲ್ಲನ್ ನೂಲು ತರುತ್ತೇನೆ.