ಹಲ್ಲಿಗೆ ಹಾಕುವ ‘ಕ್ಲಿಪ್’: ಒಂದೇ ಪದದಡಿ ಎಷ್ಟು ಸಾಧನಗಳು?

ಮಾನ್ಯರೆ,

ಕಲಬುರಗಿ ಭಾಗದ ಶಾಲಾ ಮಕ್ಕಳ ಪಾಲಕರಿಗಾಗಿ, ಸೊಟ್ಟ ಹಲ್ಲನ್ನೂ ದವಡೆಯ ಹೊಂದಿಕೆಯನ್ನೂ ಸರಿಪಡಿಸುವ ಸಾಧನಗಳ ಬಗ್ಗೆ ನಾಲ್ಕು ಪುಟದ ತಿಳಿವಳಿಕೆ ಪತ್ರವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ವಿಷಯವನ್ನು ದಂತವೈದ್ಯರೊಬ್ಬರು ಬರೆದುಕೊಟ್ಟಿದ್ದಾರೆ; ಅದನ್ನು ಓದುವವರ ಮಾತಿಗೆ ತರುವುದು ನನ್ನ ಹೊಣೆ. ಮೊದಲ ಪುಟದಲ್ಲಿಯೇ ‘ಕ್ಲಿಪ್’ ಎಂಬ ಪದ ನನ್ನನ್ನು ತಡೆದು ನಿಲ್ಲಿಸಿದೆ.

ನಮ್ಮಲ್ಲಿ ‘ಹಲ್ಲಿಗಿ ಕ್ಲಿಪ್ ಹಾಕಿಸ್ಯಾರ’ ಎನ್ನುವುದು ಸಾಮಾನ್ಯ. ‘ತಾರ್ ಹಾಕಿಸ್ಯಾರ’ ಎನ್ನುವವರೂ ಇದ್ದಾರೆ. ಹಲ್ಲಿಗೆ ಅಂಟಿಸಿ ಎರಡು ವರ್ಷ ಬಿಡುವ ಲೋಹದ ಗುಂಡಿ ಮತ್ತು ತಂತಿ, ಊಟದ ಹೊತ್ತಿಗೆ ತೆಗೆದಿಡುವ ಗುಲಾಬಿ ಬಣ್ಣದ ಪ್ಲೇಟು, ಬೆಳೆಯುವ ಮಗುವಿನ ಕೆಳದವಡೆಯನ್ನು ಮುಂದಕ್ಕೆ ತರುವ ಜೋಡಿ ಸಾಧನ, ಚಿಕಿತ್ಸೆ ಮುಗಿದ ಮೇಲೆ ರಾತ್ರಿ ತೊಡುವ ಪಟ್ಟಿ, ಇವೆಲ್ಲಕ್ಕೂ ಈ ಒಂದೇ ಹೆಸರು. ಮಾತಿನಲ್ಲಿ ಇದು ನಡೆಯುತ್ತದೆ, ಆದರೆ ಚಿಕಿತ್ಸೆಯಲ್ಲಿ ನಡೆಯುವುದಿಲ್ಲ ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡಿದ್ದೇನೆ. ನನ್ನ ತಂಗಿಯ ಮಗಳಿಗೆ ಅಂಟಿಸಿದ್ದ ತಂತಿಯನ್ನು ಬಿಚ್ಚಿ, ಹಲ್ಲು ಮತ್ತೆ ಸರಿಯದಂತೆ ಕಾಯುವ ಪಟ್ಟಿಯೊಂದನ್ನು ಕೊಟ್ಟಿದ್ದರು. ವೈದ್ಯರು ವಿವರವಾಗಿಯೇ ಹೇಳಿದ್ದರು. ಆದರೆ ಮನೆಯಲ್ಲಿ ಅದಕ್ಕೂ ಕ್ಲಿಪ್ ಎಂದೇ ಹೆಸರಾಯಿತು. ‘ಕ್ಲಿಪ್ ತೆಗದ ಮ್ಯಾಲ ಮತ್ತ ಕ್ಲಿಪ್ ಯಾಕಬೇ?’ ಎಂದು ನಮ್ಮ ಅವ್ವ ಕೇಳಿದರು, ಹುಡುಗಿ ಡಬ್ಬಿಯೊಳಗೆ ಇಟ್ಟುಬಿಟ್ಟಳು. ಎಂಟು ತಿಂಗಳಲ್ಲಿ ಕೆಳಗಿನ ಬಾಚಿಹಲ್ಲುಗಳು ಮತ್ತೆ ಒಂದರ ಮೇಲೊಂದು ಬಂದವು. ಆ ಪಟ್ಟಿಗೆ ಬೇರೊಂದು ಹೆಸರು ಇದ್ದಿದ್ದರೆ ಅವ್ವನ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ.

ಮೊದಲು ಶಾಸ್ತ್ರದ ಹೆಸರನ್ನೇ ನೋಡೋಣ. ಆರ್ಥೊಡಾಂಟಿಕ್ಸ್ ಎಂಬುದು ನೇರ ಮತ್ತು ಹಲ್ಲು ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಆದದ್ದು. ಆ ಹೆಸರಿನಲ್ಲಿ ತಲುಪಬೇಕಾದ ಗುರಿ ಇದೆ. ಕನ್ನಡದಲ್ಲಿ ಬಳಕೆಗೆ ಬಂದಿರುವ ‘ವಕ್ರದಂತ ಚಿಕಿತ್ಸೆ’ಯಲ್ಲಿ ಇರುವುದು ದೋಷದ ಹೆಸರು. ದಂತವಕ್ರನನ್ನು ಕೃಷ್ಣನ ಕೈಯಲ್ಲಿ ಸತ್ತ ದುಷ್ಟ ರಾಜನೆಂದೇ ಬಲ್ಲ ನಮ್ಮ ಜನರ ನಡುವೆ, ಹನ್ನೆರಡು ವರ್ಷದ ಮಗುವಿನ ಕೈಗೆ ಕೊಡುವ ಕಾಗದದ ಮೇಲೆ ಈ ಪದವನ್ನು ಅಚ್ಚು ಮಾಡಿಸಲು ನನಗೆ ಮನಸ್ಸಿಲ್ಲ. ‘ಹಲ್ಲು ನೇರಗೊಳಿಸುವ ಚಿಕಿತ್ಸೆ’ ಎಂದು ಬರೆದಿದ್ದೇನೆ. ಆದರೆ ಇದರಲ್ಲಿ ದವಡೆ ಬಿಟ್ಟುಹೋಗುತ್ತದೆ ಎಂಬ ಕೊರತೆ ಉಳಿದೇ ಇದೆ.

ಹಲ್ಲಿಗೆ ಅಂಟಿಸುವ ಬಗೆಯನ್ನು ‘ಸ್ಥಿರ ಸಾಧನ’ ಎನ್ನಬಹುದೇ? ನಾನು ಓದಿ ಹೇಳಿದ ಇಬ್ಬರು ಪಾಲಕರೂ ಸ್ಥಿರ ಎಂದರೆ ಜೀವನಪೂರ್ತಿ ಇರುವುದು ಎಂದುಕೊಂಡರು. ‘ಕಟ್ಟು’ ಎಂಬ ಕ್ರಿಯಾಪದವನ್ನು ಮುಟ್ಟುವಂತೆಯೇ ಇಲ್ಲ, ಏಕೆಂದರೆ ಹಲ್ಲು ಕಟ್ಟಿಸುವುದೆಂದರೆ ಬಿದ್ದ ಹಲ್ಲಿನ ಜಾಗದಲ್ಲಿ ಕೃತಕ ಹಲ್ಲು ಹಾಕಿಸುವುದು ಎಂಬರ್ಥ ಗಟ್ಟಿಯಾಗಿ ನಿಂತಿದೆ. ‘ಹಲ್ಲು ಕೂಡಿಸುವುದು’ ಎಂದರೂ ಅದೇ ತೊಡಕು. ಹಾಗಾಗಿ ‘ಅಂಟಿಸಿದ ಸಾಧನ’ ಎಂದು ಸರಳವಾಗಿ ಬರೆದಿದ್ದೇನೆ. ಇದರ ಎದುರಿನ ಬಗೆಗೆ ‘ತೆಗೆದುಹಾಕುವ ಸಾಧನ’ ಎಂದು ಯಾರೋ ಸೂಚಿಸಿದರು. ಅದು ಹಲ್ಲನ್ನೇ ತೆಗೆದುಹಾಕುವ ಸಾಧನವೆಂದು ಓದಿಸಿಕೊಳ್ಳುತ್ತದೆ. ‘ಕಳಚಿ ತೊಡುವ ಸಾಧನ’ ಎಂದರೆ ಈ ಅಪಾಯವಿಲ್ಲ.

ಕೆಲವರು ಕಡಿವಾಣ ಎಂಬ ಪದವನ್ನು ಮುಂದಿಟ್ಟರು. ಬಾಯಲ್ಲಿರುವ ಲೋಹ ಎಂಬಷ್ಟಕ್ಕೆ ಹೋಲಿಕೆ ಸರಿ, ಕೆಲಸ ಮಾತ್ರ ತದ್ವಿರುದ್ಧ. ಕಡಿವಾಣ ತಡೆಯುತ್ತದೆ, ಈ ತಂತಿ ನಡೆಸುತ್ತದೆ. ಹಲ್ಲಿನ ಬೇರು ಎಲುಬಿನಲ್ಲಿ ನೇರವಾಗಿ ಹೂತಿರುವುದಿಲ್ಲ. ಬೇರಿಗೂ ಎಲುಬಿಗೂ ನಡುವೆ ನಾರುಗಳ ತೆಳುವಾದ ಪದರವಿದೆ. ಸಣ್ಣ ಒತ್ತಡವನ್ನು ಬಿಡದೆ ಕೊಟ್ಟರೆ ಒತ್ತುವ ಕಡೆಯ ಎಲುಬು ಕರಗುತ್ತದೆ, ಎಳೆಯುವ ಕಡೆಯಲ್ಲಿ ಹೊಸ ಎಲುಬು ತುಂಬಿಕೊಳ್ಳುತ್ತದೆ, ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಂತೆ ಸರಿಯುತ್ತದೆ. ಹೀಗಾಗಿ ಹೆಸರಿನಲ್ಲಿ ಬಿಗಿತಕ್ಕಿಂತ ಚಲನೆ ಕಾಣಬೇಕು ಎಂಬುದು ನನ್ನ ನಿಲುವು.

ಈ ದೃಷ್ಟಿಯಿಂದ ನನಗೆ ಬಹಳ ಹಿಡಿಸಿದ ಪದ ‘ಕಮಾನುತಂತಿ’. ಗುಂಡಿಗಳ ಸೀಳಿನಲ್ಲಿ ಹಾಯುವ ಮುಖ್ಯ ತಂತಿಗೆ ಇದನ್ನು ಬಳಸಬಹುದು. ಕಲಬುರಗಿ ಕೋಟೆಯಲ್ಲಿ 1367ರಲ್ಲಿ ಕಟ್ಟಿದ ಜಾಮಾ ಮಸೀದಿಯ ಸಾಲು ಕಮಾನುಗಳನ್ನು ನೋಡಿ ಬೆಳೆದ ನಮ್ಮವರಿಗೆ ಕಮಾನಿನ ಆಕಾರ ಕಣ್ಣಿಗೆ ಕಟ್ಟಿದಂತಿದೆ. ಅದೇ ಪದಕ್ಕೆ ಬಿಲ್ಲು ಎಂಬ ಅರ್ಥವೂ ಇರುವುದರಿಂದ, ಬಾಗಿಸಿದರೆ ತನ್ನ ಮೊದಲಿನ ರೂಪಕ್ಕೆ ಮರಳಲು ಹೆಣಗುವ ಗುಣವೂ ಹೆಸರಿನಲ್ಲಿ ಬಂದುಬಿಡುತ್ತದೆ. ನಿಕ್ಕಲ್ ಮತ್ತು ಟೈಟಾನಿಯಂ ಬೆರಕೆಯ ತಂತಿ ಮಾಡುವುದು ಸರಿಯಾಗಿ ಇದನ್ನೇ: ಸೊಟ್ಟ ಸಾಲಿಗೆ ಬಾಗಿಸಿ ಕೂರಿಸಿದ ತಂತಿ ಮರಳಿ ಕಮಾನಾಗಲು ಹೊರಟಾಗ ಹಲ್ಲುಗಳನ್ನೂ ತನ್ನೊಡನೆ ಸಾಲಿಗೆ ತರುತ್ತದೆ. ಗುಂಡಿಗೆ ಮಾತ್ರ ಇಷ್ಟು ಒಪ್ಪುವ ಪದ ಸಿಕ್ಕಿಲ್ಲ. ‘ಹಲ್ಲುಗುಂಡಿ’ ಎಂದಿದ್ದೇನೆ, ಆದರೆ ಗುಂಡಿ ಎಂದರೆ ತಗ್ಗು ಎಂದೂ ಆಗುವುದರಿಂದ ಹುಳುಕಿನಿಂದಾದ ತೂತು ಎಂದು ಓದುವವರು ತಿಳಿದಾರು ಎಂಬ ಹೆದರಿಕೆ ಇದೆ. ಖಡಕ್ ರೊಟ್ಟಿ, ಕಬ್ಬು ಕಡಿದರೆ ಕಿತ್ತುಬರುವುದು ಈ ಗುಂಡಿಯೇ ಆದ್ದರಿಂದ ಪತ್ರದಲ್ಲಿ ಇದರ ಹೆಸರು ಮತ್ತೆ ಮತ್ತೆ ಬರುತ್ತದೆ.

ತಂತಿಯೇ ಇಲ್ಲದ, ಹಲ್ಲಿನ ಸಾಲಿನ ಮೇಲೆ ಕೂರುವ ತೆಳುವಾದ ಪಾರದರ್ಶಕ ಅಲೈನರ್‌ಗೆ ‘ಹಲ್ಲುಗವಸು’ ಎಂಬ ಪದ ನನಗೆ ಸರಿ ಕಂಡಿದೆ. ಕೈಗವಸು ಎಲ್ಲರಿಗೂ ಗೊತ್ತು, ಗವಸಣಿಗೆ ಹಳೆಯ ಮಾತು. ದಿನಕ್ಕೆ 20ರಿಂದ 22 ಗಂಟೆ ತೊಟ್ಟಿರಬೇಕು, ಒಂದೆರಡು ವಾರಕ್ಕೊಮ್ಮೆ ಮುಂದಿನದಕ್ಕೆ ಬದಲಿಸಬೇಕು ಎಂಬುದನ್ನು ವಿವರಿಸುವಾಗ ಗವಸು ಎಂಬ ಪದ ಸಹಜವಾಗಿ ಹೊಂದುತ್ತದೆ.

ಅಂಗುಳವನ್ನು ಹಿಗ್ಗಿಸುವ ಸಾಧನದ ನಡುವೆ ಒಂದು ತಿರುಪು ಇರುತ್ತದೆ. ಪಾಲಕರೇ ಸಣ್ಣ ಕೀಲಿಯಿಂದ ಅದನ್ನು ತಿರುಗಿಸಬೇಕು, ಕಾಲು ಸುತ್ತಿಗೆ ಸುಮಾರು ಕಾಲು ಮಿಲಿಮೀಟರ್ ಅಗಲ ಹೆಚ್ಚುತ್ತದೆ. ಉರ್ದು ಬಲ್ಲವರಿಗೆ ಪೇಚು ಎಂದರೆ ತಿರುಪು, ಕನ್ನಡದಲ್ಲಿ ಅದು ಇಕ್ಕಟ್ಟಿನ ಅರ್ಥಕ್ಕೆ ಹೊರಳಿದೆ, ಆದ್ದರಿಂದ ‘ತಿರುಪಿನ ಪ್ಲೇಟು’ ಎಂದು ಬರೆದು ಮುಂದೆ ಸಾಗಿದ್ದೇನೆ.

ಚಿಕಿತ್ಸೆಯ ನಂತರ ತೊಡುವ ರಿಟೇನರ್‌ಗೆ ಏನೆನ್ನಬೇಕೆಂದು ಬಹಳ ಯೋಚಿಸಿದೆ. ‘ಧಾರಕ’ ಎಂಬ ಪದ ಯಾರಿಗೂ ತಲುಪಲಿಲ್ಲ. ಕೊನೆಗೆ ‘ಕಾಯುವ ಪಟ್ಟಿ’ ಎಂದು ಬರೆದೆ. ತೊಗರಿ ಕಾಯಿ ಕಟ್ಟಿದ ಮೇಲೆ ಹೊಲ ಕಾಯಲು ಹೋಗುವವನು ಹೊಸದಾಗಿ ಏನನ್ನೂ ಬಿತ್ತುವುದಿಲ್ಲ, ಬೆಳೆದದ್ದು ಕೈತಪ್ಪದಂತೆ ನೋಡಿಕೊಳ್ಳುತ್ತಾನೆ. ಸರಿದ ಹಲ್ಲಿನ ಸುತ್ತ ಎಲುಬು ಗಟ್ಟಿಯಾಗಲು, ಒಸಡಿನ ನಾರುಗಳು ಹೊಸ ಜಾಗಕ್ಕೆ ಒಗ್ಗಲು ತಿಂಗಳುಗಟ್ಟಲೆ ಬೇಕಾಗುವುದರಿಂದ ಈ ಪಟ್ಟಿಯ ಕೆಲಸವೂ ಅಷ್ಟೇ. ಇದನ್ನು ಅವ್ವನಿಗೆ ಹೇಳಿದಾಗ ಬೇರೆ ವಿವರಣೆ ಬೇಕಾಗಲಿಲ್ಲ.

ಇನ್ನೂ ಬಗೆಹರಿಯದಿರುವುದು ದವಡೆಯ ವಿಷಯ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್‌ನಂಥ ಸಾಧನಗಳು ಹಲ್ಲಿನ ಸಾಲಿಗಿಂತ ಮುಖ್ಯವಾಗಿ ದವಡೆಗಳ ಹೊಂದಿಕೆಯನ್ನು ಗುರಿಯಾಗಿಸಿಕೊಂಡಿವೆ: ಮೇಲೊಂದು ಕೆಳಗೊಂದು ಪ್ಲೇಟು, ಎರಡರ ಮೇಲೂ ಇಳಿಜಾರಿನ ಗಟ್ಟಿಗಳು, ಬಾಯಿ ಮುಚ್ಚಿದಾಗ ಆ ಇಳಿಜಾರುಗಳು ತಾಗಿ ಕೆಳದವಡೆ ಮುಂದೆ ಬಂದು ನಿಲ್ಲುತ್ತದೆ. ಮಗು ಬೆಳೆಯುತ್ತಿರುವಾಗಲೇ ಇದನ್ನು ತೊಡಿಸಬೇಕು. ಆದ್ದರಿಂದ ಇಲ್ಲಿ ಪಾಲಕರು ತಪ್ಪು ತಿಳಿದು ಕಾಲ ಕಳೆದರೆ ಆ ಅವಕಾಶ ಮರಳಿ ಬರುವುದಿಲ್ಲ. ‘ದವಡೆ ಮುಂದೆ ತರುವ ಸಾಧನ’ ಎಂದು ಬರೆದು ಓದಿಸಿದಾಗ ಒಬ್ಬ ತಾಯಿ ದವಡೆಹಲ್ಲನ್ನು ಮುಂದೆ ತರುವುದೆಂದು ತಿಳಿದರು. ನಮ್ಮ ಮಾತಿನಲ್ಲಿ ‘ದವಡಿ’ ಎಂದರೆ ಎಲುಬೂ ಹೌದು, ಒಳಗಿನ ದೊಡ್ಡ ಹಲ್ಲೂ ಹೌದು, ಏಟು ಬೀಳುವ ಕೆನ್ನೆಯೂ ಹೌದು. ‘ಗದ್ದ’ ಎಂದರೆ ತುದಿ ಮಾತ್ರ. ‘ಜಬಡಾ’ ಎಂದರೆ ಉರ್ದು, ಮರಾಠಿ ಬಲ್ಲ ಮನೆಗಳಲ್ಲಿ ತಕ್ಷಣ ತಿಳಿಯುತ್ತದೆ, ಉಳಿದ ಮನೆಗಳಲ್ಲಿ ಇಲ್ಲ. ‘ದವಡೆಯೆಲುಬು’ ಎಂದು ಜೋಡಿಸಿದರೆ ಗೊಂದಲ ಕಳೆಯುತ್ತದೆ, ಆದರೆ ಎಲುಬು ಎಂಬ ಪದ ಕಂಡೊಡನೆ ಶಸ್ತ್ರಚಿಕಿತ್ಸೆ ಎಂದು ಅಂಜುವವರಿದ್ದಾರೆ.

ಬೀದರ್, ಯಾದಗಿರಿ ಕಡೆಯ ಮನೆಮಾತಿನಲ್ಲಿ ಕೆಳದವಡೆಯ ಎಲುಬನ್ನಷ್ಟೇ ಸೂಚಿಸುವ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕು. ದನಕರುಗಳ ಮಾತಿನಲ್ಲಿ ಇದ್ದರೂ ಸರಿ. ಹಾಗೆಯೇ ‘ಹಲ್ಲುಗುಂಡಿ’ಗೆ ಬದಲಾಗಿ ಬಡಗಿಗಳು, ಅಕ್ಕಸಾಲಿಗರು ತಂತಿ ಹಿಡಿದಿಡುವ ಸೀಳುಳ್ಳ ತುಣುಕಿಗೆ ಏನೆನ್ನುತ್ತಾರೆ ಎಂಬುದನ್ನು ಬಲ್ಲವರು ಬರೆದರೆ, ಪತ್ರ ಅಚ್ಚಿಗೆ ಹೋಗುವ ಮೊದಲೇ ತಿದ್ದಿಕೊಳ್ಳುತ್ತೇನೆ.